ಕೂಸನ್ನು ದಾಟಿದವರು

ಪುಟ್ಟಲಿಂಗಮ್ಮ: ನನ್ ಮೊಮ್ಮಗ ಗಿಡ್ಡ ಅಲ್ಲ ಕಣಪ್ಪ. ನಿನ್ ಗೆರೆನೇ ಮೇಲಕ್ಕೆ ಎಳ್ದವ್ರೆ!

ಮೂಗಯ್ಯ: ಗೆರೆ ಎಳ್ದಿರೋದು ನಾನಲ್ಲ ಕಣವ್ವ, ಕಂಪನಿಯೋರು.

ಪುಟ್ಟಲಿಂಗಮ್ಮ: ಯಾರನ್ನ ನಿಲ್ಸಿ ಎಳ್ದ್ರು? ನಮ್ ಕುಂಬಾರಕೊಪ್ಪಲಿನ ಒಂದ್ ಕೂಸನ್ನಾದ್ರೂ ಕರ್ದು ನಿಲ್ಸಿದ್ರಾ?

ಮೂಗಯ್ಯ: ನಂಗೆ ಹೇಳಿರೋದು ಇಷ್ಟೇ ಅವ್ವ. ತಲೆ ಗೆರೆ ಮುಟ್ಟುದ್ರೆ ಒಳಕ್ಕೆ ಬುಡು, ಮುಟ್ಲಿಲ್ಲ ಅಂದ್ರೆ ಬುಡಬ್ಯಾಡ.

ಪುಟ್ಟಲಿಂಗಮ್ಮ: ಹಂಗಾರೆ ಗೆರೆನ ಒಸಿ ಕೆಳಕ್ಕೆ ಇಳ್ಸು. ನಿಂದೇನ್ ಗಂಟು ಹೋಯ್ತದಾ?

ಗೆರೆ ಇದ್ದದ್ದು ಮರದ ಜಿರಾಫೆಯೊಂದರ ಕತ್ತಿನ ಮೇಲೆ. ಮೈಸೂರಿನ ಹೊರವಲಯದ ಆ ಮಕ್ಕಳ ಪಾರ್ಕಿನಲ್ಲಿ ಡ್ರ್ಯಾಗನ್ ರೈಲಿನ ಬಾಗಿಲಿಗೆ ಜಿರಾಫೆಯನ್ನು ಕಾವಲು ನಿಲ್ಲಿಸಿದ್ದರು. ಜಿರಾಫೆಗೆ ಜೊತೆಯಾಗಿ ಹಸಿರು ಅಂಗಿ ತೊಡಿಸಿ, ಕೊರಳಿಗೆ ಸೀಟಿ ಕಟ್ಟಿ ಮೂಗಯ್ಯನನ್ನು ನಿಲ್ಲಿಸಿದ್ದರು. ಜಿರಾಫೆಗೆ ಬೆನ್ನು ಕೊಟ್ಟು ಆರು ವರ್ಷದ ಸಿದ್ದೇಶ ಗದ್ದ ಎತ್ತಿ, ಉಸಿರು ಬಿಗಿಹಿಡಿದು ನಿಂತಿದ್ದ. ಅವನ ತಲೆಗೂ ಕೆಂಪು ಗೆರೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿತ್ತು. ಹಿಂದೆ ಜನರ ಸಾಲು ಬೆಳೆಯುತ್ತಿತ್ತು. ಬೆಳೆಯಬೇಕಾದದ್ದು ಒಂದನ್ನು ಬಿಟ್ಟು ಉಳಿದದ್ದೆಲ್ಲ ಬೆಳೆಯುತ್ತಿದೆಯಲ್ಲ ಎಂದುಕೊಂಡ ಹುಡುಗನ ಅಪ್ಪ ವಸಂತ.

ವಸಂತನಿಗೆ ಗೆರೆಗಳ ಕಾಟ ಹೊಸದೇನಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಓದು ಮುಗಿಯುವ ತನಕ ಅವನೇ ಮೊದಲಿಗನಾಗಿದ್ದ. ಈಗ ಮಂಡಿ ಮೊಹಲ್ಲಾದ ಸಗಟು ಔಷಧಿ ಅಂಗಡಿಯಲ್ಲಿ ಮೇಲಿನ ಹಲಗೆಯ ಡಬ್ಬ ಇಳಿಸಬೇಕಾದರೆ ಸ್ಟೂಲು ಹತ್ತುತ್ತಾನೆ. ಹೆಂಡತಿ ಧರಣಿ, ಜಯಲಕ್ಷ್ಮಿಪುರಂನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು, ಅವನಿಗಿಂತ ನಾಲ್ಕು ಬೆರಳು ಎತ್ತರ. ಇದಕ್ಕೆಲ್ಲ ಅವನು ಎಂದೋ ಒಗ್ಗಿಹೋಗಿದ್ದ. ಒಗ್ಗಿಕೊಳ್ಳಲು ಆಗದೆ ಇದ್ದದ್ದು ಮಗ ಆ ಗೆರೆಯ ಕೆಳಗೆ ನಿಂತು ತನ್ನ ಕಡೆ ನೋಡುತ್ತಿದ್ದ ರೀತಿ. ‘ದಸರಾ ರಜ ಬರಲಿ, ಡ್ರ್ಯಾಗನ್ ಮೇಲೆ ಕೂರಿಸ್ತೀನಿ’ ಎಂದು ಜೂನ್ ತಿಂಗಳಿನಿಂದ ಮಾತು ಕೊಡುತ್ತ ಬಂದವನು ಅವನೇ. ಮಗ ಆ ಮಾತನ್ನು ಇಡೀ ಒಂದನೇ ತರಗತಿಗೆ ಹಂಚಿಬಿಟ್ಟಿದ್ದ. ರಜ ಮುಗಿದ ಮೇಲೆ ಅಷ್ಟೂ ಮಕ್ಕಳು ಸಿದ್ದೇಶನನ್ನು ಕೇಳಲಿದ್ದರು.

ವಸಂತ್: ಸಿದ್ದು, ಬಾರೋ ಇಲ್ಲಿ. ಒಂದ್ ನಿಮಿಷ ಸಾರ್.

ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಮಗನ ತಲೆಗೆ ಸವರಿ, ಜೇಬಿನ ಬಾಚಣಿಗೆಯಿಂದ ಕೂದಲನ್ನು ನೇರ ಆಕಾಶಕ್ಕೆ ಎಳೆಯತೊಡಗಿದ.

ಧರಣಿ: ರೀ, ಏನ್ ಮಾಡ್ತಿದೀರಾ?

ವಸಂತ್: ತಲೆ ಬಾಚ್ತಿದೀನಿ. ತಪ್ಪಾ?

ಧರಣಿ: ತಪ್ಪೇನಿಲ್ಲ. ಎಲ್ಲೋ ನೋಡಿದ ಕ್ರಾಪು ಅನ್ನಿಸ್ತು. ನಮ್ಮ ಮದುವೆ ದಿನ ನೀವು ಮಾಡ್ಕೊಂಡಿದ್ದು ಇದೇ ಅಲ್ವಾ?

ವಸಂತ್: ಅವತ್ತು ಎಲ್ರೂ ಚೆನ್ನಾಗಿದೆ ಅಂದಿದ್ರು.

ಧರಣಿ: ನಾನೂ ಅಂದೆ. ಮೇಲಿಂದ ನೋಡಿದ್ರೆ ತುಂಬಾ ಚೆನ್ನಾಗಿತ್ತು.

ಸಿದ್ದೇಶ ಮತ್ತೆ ಜಿರಾಫೆಗೆ ಒರಗಿದ. ಕೂದಲ ತುದಿ ಗೆರೆಯನ್ನು ಮುಟ್ಟಿತು. ವಸಂತನ ಮುಖ ಅರಳಿತು. ಮೂಗಯ್ಯ ಒಂದು ರಟ್ಟು ತೆಗೆದು ಹುಡುಗನ ನೆತ್ತಿಯ ಮೇಲಿಟ್ಟು ಮೆಲ್ಲಗೆ ಒತ್ತಿದ. ಮದುವೆಯ ಕ್ರಾಪು ಚಪ್ಪಟೆಯಾಯಿತು.

ಮೂಗಯ್ಯ: ಕೂದ್ಲು ಲೆಕ್ಕಕ್ಕಿಲ್ಲ ಸಾರ್. ಶೂನೂ ಬಿಚ್ಸಿ.

ವಸಂತ್: ಶೂ ಯಾಕ್ರೀ?

ಮೂಗಯ್ಯ: ಶೂ ಬೆಳ್ದಿರೋದಲ್ಲ ಸಾರ್. ಅಂಗಡೀಲಿ ತಗೊಂಡಿರೋದು.

ಶೂ ಬಿಚ್ಚಿದರು. ಎರಡು ಬೆರಳಿನ ಜಾಗ ಮೂರು ಬೆರಳಾಯಿತು.

ಧರಣಿ: ಸಾಕು ಬಿಡಿ. ಇನ್ನೂ ಸ್ವಲ್ಪ ಹೊತ್ತು ವಾದ ಮಾಡಿದ್ರೆ ಇವನನ್ನ ವಾಪಸ್ ತೊಟ್ಟಿಲಿಗೆ ಹಾಕ್ಬೇಕಾಗುತ್ತೆ.

ಮೂಗಯ್ಯ: ಸಾರ್, ನಾನೊಂದ್ ಮಾತ್ ಹೇಳ್ತೀನಿ ಕೇಳಿ. ಇಲ್ಲೇ ಪಕ್ಕದಲ್ಲಿ...

ಪುಟ್ಟಲಿಂಗಮ್ಮ: ನೀ ಸುಮ್ಕಿರಪ್ಪ! ನಂಗೀಗ ಗೊತ್ತಾಯ್ತು. ಇದು ಗೆರೆ ತಪ್ಪಲ್ಲ. ಯಾರೋ ನಮ್ ಕೂಸನ್ನ ದಾಟವ್ರೆ!

ಮಲಗಿರುವ ಮಗುವನ್ನು ಯಾರಾದರೂ ದಾಟಿಕೊಂಡು ಹೋದರೆ ಮಗುವಿನ ಬೆಳವಣಿಗೆ ಅಲ್ಲಿಗೇ ನಿಂತುಬಿಡುತ್ತದೆ, ದಾಟಿದವರೇ ತಿರುಗಿ ಆ ಕಡೆಯಿಂದ ಈ ಕಡೆಗೆ ದಾಟಿದರೆ ಮಾತ್ರ ಮತ್ತೆ ಶುರುವಾಗುತ್ತದೆ ಎಂಬುದು ಪುಟ್ಟಲಿಂಗಮ್ಮನವರ ಕಾನೂನು. ಅವರ ಮನೆಯಲ್ಲಿ ಇದಕ್ಕೆ ಅಪೀಲು ಇರಲಿಲ್ಲ.

ಧರಣಿ: ಅತ್ತೆ, ಹಾಗೆಲ್ಲ ಏನೂ ಇಲ್ಲ. ಮಕ್ಕಳು ಬೆಳೆಯೋದು ಊಟದಿಂದ, ನಿದ್ದೆಯಿಂದ.

ಪುಟ್ಟಲಿಂಗಮ್ಮ: ನಾನೂ ಅದೇ ಹೇಳ್ತಿರೋದು ಕಣಮ್ಮ. ನಿದ್ದೆ ಮಾಡೋವಾಗ್ಲೇ ದಾಟವ್ರೆ.

ಧರಣಿ: ಅಯ್ಯೋ, ನಾನ್ ಹೇಳಿದ್ದು ಅದಲ್ಲ...

ಪುಟ್ಟಲಿಂಗಮ್ಮ: ಯಾರ್ ದಾಟಿದ್ದು? ಈಗ್ಲೇ ಒಪ್ಕಬುಡಿ.

ವಸಂತ ಡ್ರ್ಯಾಗನ್ನಿನ ಬಾಲವನ್ನು ನೋಡಿದ, ಧರಣಿ ಅದರ ಮೂತಿಯನ್ನು ನೋಡಿದಳು. ಅಷ್ಟರಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿದ್ದ ನಾಲ್ಕು ವರ್ಷದ ಅನು, ಸಿದ್ದೇಶನ ತಂಗಿ, ಬಾಯಿಂದ ಬೆರಳು ತೆಗೆದಳು.

ಅನು: ಅಪ್ಪ ದಾಟಿದ್ರು. ಚಾರ್ಜರ್ ತಗೊಳಕ್ಕೆ.

ವಸಂತ್: ಏ, ಅದು ದಾಟಿದ್ದಲ್ಲ ಪುಟ್ಟಿ. ಕಾಲು ಸ್ವಲ್ಪ ಚಾಚಿದ್ದು.

ಅನು: ಎರಡೂ ಕಾಲು ಆ ಕಡೆ ಹೋಯ್ತು.

ಧರಣಿ: ನೋಡಿದ್ರಾ! ಫೋನು ಅಂದ್ರೆ ಇವರಿಗೆ ಮಗನೂ ಕಾಣಲ್ಲ, ಮನೆನೂ ಕಾಣಲ್ಲ.

ಅನು: ಅಮ್ಮನೂ ದಾಟಿದ್ರು. ಕುಕ್ಕರ್ ಕೂಗಿದಾಗ.

ಧರಣಿ: ನಾನಾ? ನಾನು ದಿಂಬನ್ನ ದಾಟಿದ್ದು ಅಷ್ಟೇ.

ಅನು: ಅಣ್ಣ ದಿಂಬಿನ ಮೇಲಿದ್ದ.

ಪುಟ್ಟಲಿಂಗಮ್ಮ: ಕೇಳ್ದೇನಪ್ಪ? ಗಂಡ ಹೆಂಡ್ತಿ ಸೇರ್ಕಂಡು ನನ್ ಕೂಸಿನ ಮೇಲೆ ರಸ್ತೆ ಮಾಡ್ಕಂಡವ್ರೆ! ಇನ್ನ ಎಲ್ಲಿ ಬೆಳೀತದೆ ಪಾಪ?

ಅನು: ಅಜ್ಜಿನೂ ದಾಟಿದ್ರು.

ಪುಟ್ಟಲಿಂಗಮ್ಮ: ಯಾವ ಅಜ್ಜಿ?

ಅನು: ನೀವೇ. ಧಾರಾವಾಹಿ ಶುರುವಾಯ್ತು ಅಂತ ಓಡಿದ್ರಲ್ಲ.

ಪುಟ್ಟಲಿಂಗಮ್ಮ: ನಾನ್ ದಾಟಿದ್ರೆ ತಕ್ಷಣ ವಾಪಸ್ ದಾಟಿರ್ತೀನಿ ಕಣಮ್ಮಿ. ನಂಗ್ ಗೊತ್ತಿಲ್ವಾ ಶಾಸ್ತ್ರ?

ಅನು: ಇಲ್ಲ. ಆಮೇಲೆ ಸುತ್ತು ಹಾಕ್ಕೊಂಡು ಅಡುಗೆ ಮನೆಗೆ ಹೋದ್ರಿ.

ಸಾಲಿನಲ್ಲಿ ನಿಂತಿದ್ದವರು ಈಗ ರೈಲನ್ನು ಮರೆತು ಇತ್ತ ತಿರುಗಿದ್ದರು. ಮೂವರು ಆರೋಪಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಿದ್ದೇಶ್: ಹಾಗಾದ್ರೆ ನಾನ್ ಬೆಳೆಯೋದೇ ಇಲ್ವಾ ಅಜ್ಜಿ?

ಪುಟ್ಟಲಿಂಗಮ್ಮ: ಯಾಕ್ ಬೆಳೆಯಲ್ಲ? ತೆಂಗಿನ ಮರ ಆಯ್ತೀಯ! ಬಾ, ಈ ಹುಲ್ಲಿನ ಮೇಲೆ ಮಲಕ್ಕೋ. ಎಲ್ರೂ ವಾಪಸ್ ದಾಟ್ಬುಡ್ತೀವಿ, ಮುಗ್ದೋಯ್ತು.

ವಸಂತ್: ಅವ್ವ, ಇಲ್ಲಿ ಬ್ಯಾಡ. ಜನ ನೋಡ್ತವ್ರೆ.

ಪುಟ್ಟಲಿಂಗಮ್ಮ: ದಾಟೋವಾಗ ನಾಚ್ಕೆ ಆಗ್ಲಿಲ್ಲ, ಈಗ ಆಯ್ತದಾ? ಮಗ, ಕಣ್ಣು ಗಟ್ಟಿಯಾಗಿ ಮುಚ್ಕೋ. ಅಲ್ಲಾಡ್ಬ್ಯಾಡ. ಎಚ್ಚರ ಇರೋರನ್ನ ದಾಟಿದ್ರೆ ಲೆಕ್ಕಕ್ಕಿಲ್ಲ.

ಸಿದ್ದೇಶ ಹೇಳಿದ ಮಾತು ಕೇಳುವ ಹುಡುಗ. ಹುಲ್ಲಿನ ಮೇಲೆ ಅಂಗಾತ ಮಲಗಿ, ಕೈಕಾಲು ಸಡಿಲ ಬಿಟ್ಟು, ಬಾಯಿ ಅರ್ಧ ತೆರೆದು ಎಷ್ಟು ಚೆನ್ನಾಗಿ ನಿದ್ದೆ ಮಾಡಿದನೆಂದರೆ ಸಾಲಿನ ಹಿಂದಿನವರಿಗೆ ಬೇರೆಯೇ ಅರ್ಥವಾಯಿತು. ‘ಅಯ್ಯೋ, ಮಗು ಬಿದ್ದೋಯ್ತು’ ಎಂದು ಒಬ್ಬ ಹೆಂಗಸು ನೀರಿನ ಬಾಟಲಿ ಹಿಡಿದು ಓಡಿಬಂದಳು. ಅವಳ ಹಿಂದೆ ಸಣಕಲು ದೇಹದ ಒಬ್ಬರು ಹಿರಿಯರು ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚುತ್ತ ಬಂದರು.

ಹಿರಿಯರು: ಜರುಗಿ, ಜರುಗಿ. ಮೂರ್ಛೆ ಇರ್ಬೇಕು, ಕಬ್ಬಿಣ ಕೈಗೆ ಕೊಡಿ, ಸರಿ ಹೋಗುತ್ತೆ. ಯಾವ ಆಟದಿಂದ ಬಿದ್ದ?

ವಸಂತ್: ಯಾವ ಆಟದಿಂದಲೂ ಇಲ್ಲ ಸಾರ್. ಆಟಕ್ಕೆ ಬಿಡ್ಲಿಲ್ಲ, ಅದಕ್ಕೇ ಮಲಗವ್ನೆ.

ಹಿರಿಯರು: ಪಾಪ, ಅಷ್ಟಕ್ಕೇ ಎಚ್ಚರ ತಪ್ತಾ?

ಪುಟ್ಟಲಿಂಗಮ್ಮ: ಎಚ್ಚರ ತಪ್ಪಿಲ್ಲ ಸ್ವಾಮಿ, ಬೆಳವಣಿಗೆ ತಪ್ಪದೆ. ಒಸಿ ಸರ್ಕಳಿ, ದಾಟ್ಬೇಕು.

ಬಾಟಲಿಯ ಹೆಂಗಸು: ದಾಟ್ತೀರಾ? ಪ್ರಜ್ಞೆ ಇಲ್ದಿರೋ ಮಗೂನ ದಾಟೋದಾ? ಎಂಥ ಜನ ರೀ ನೀವು?

ಸಿದ್ದೇಶ್: ಆಂಟಿ, ನಂಗೆ ಪ್ರಜ್ಞೆ ಇದೆ. ನಿದ್ದೆ ಮಾಡ್ತಿದೀನಿ, ಗಲಾಟೆ ಮಾಡ್ಬೇಡಿ.

ಪುಟ್ಟಲಿಂಗಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾವುದೋ ಕಾಲುವೆ ದಾಟುವವರಂತೆ ಜೋಪಾನವಾಗಿ ದಾಟಿದರು. ವಸಂತ ಆಚೀಚೆ ನೋಡಿ ಒಂದೇ ಹಾರಿಗೆ ದಾಟಿದ. ಧರಣಿ ಕೈಕಟ್ಟಿ ನಿಂತೇ ಇದ್ದಳು.

ಪುಟ್ಟಲಿಂಗಮ್ಮ: ನೀನೂ ಬಾಮ್ಮ.

ಧರಣಿ: ನಾನು ಬರಲ್ಲ ಅತ್ತೆ. ಕ್ಲಾಸಿನಲ್ಲಿ ಮಕ್ಕಳಿಗೆ ಒಂದು ಹೇಳಿ, ಇಲ್ಲಿ ಬಂದು ಇನ್ನೊಂದು ಮಾಡಕ್ಕಾಗುತ್ತಾ?

ಮೊಮ್ಮಗನ ಕೈಗೆ ತುರುಕಿದ್ದ ಬೀಗದ ಕೈಯನ್ನು ಪುಟ್ಟಲಿಂಗಮ್ಮ ಹಿರಿಯರಿಗೆ ಹಿಂದಿರುಗಿಸುತ್ತ ಶಾಸ್ತ್ರವನ್ನು ವಿವರಿಸತೊಡಗಿದರು. ಎಲ್ಲರ ಗಮನ ಅತ್ತ ಹೋದಾಗ ಧರಣಿ ಚಕ್ಕನೆ ಮಗನನ್ನು ದಾಟಿ ಆ ಕಡೆ ನಿಂತುಬಿಟ್ಟಳು. ಯಾರೂ ನೋಡಲಿಲ್ಲ ಎಂದುಕೊಂಡಳು. ಗಂಡ ನೋಡಿದ್ದ.

ವಸಂತ್: ಏನ್ ಟೀಚರ್, ವಿಜ್ಞಾನ ಎಲ್ಲಿಗ್ ಹೋಯ್ತು?

ಧರಣಿ: ಬ್ಯಾಗು ಈ ಕಡೆ ಇತ್ತು. ತಗೊಳಕ್ಕೆ ಬಂದೆ.

ವಸಂತ್: ಬ್ಯಾಗು ನಿನ್ನ ಹೆಗಲ ಮೇಲಿದೆ.

ಧರಣಿ: ಇರ್ಲಿ ಬಿಡಿ. ಒಂದ್ ಹೆಜ್ಜೆ ಹಾಕಿದ್ರೆ ನಂದೇನು ಸವೆಯುತ್ತಾ?

ಸಿದ್ದೇಶ ಎದ್ದವನೇ ಜಿರಾಫೆಯ ಹತ್ತಿರ ಓಡಿದ. ಮೂಗಯ್ಯ ರಟ್ಟು ಇಟ್ಟ. ಎಲ್ಲರೂ ಬಗ್ಗಿ ನೋಡಿದರು. ಬೀಗದ ಕೈಯ ಹಿರಿಯರೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದೇ ಮೂರು ಬೆರಳು.

ಪುಟ್ಟಲಿಂಗಮ್ಮ: ಇಷ್ಟ್ ಬೇಗ ಆಯ್ತದಾ? ಮಾತ್ರೆ ನುಂಗಿದ ತಕ್ಷಣ ಜ್ವರ ಬುಟ್ಟೋಯ್ತದಾ? ನಿಮ್ಮಪ್ಪನ್ನೇ ಕೇಳು, ಔಷಧಿ ಅಂಗಡಿಯೋನು.

ಸಿದ್ದೇಶ್: ಅಜ್ಜಿ, ಅಪ್ಪನ್ನ ಯಾರು ದಾಟಿದ್ರು?

ಪುಟ್ಟಲಿಂಗಮ್ಮ ಸರಿಯಾಗಿಯೇ ಇದ್ದ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಪುಟ್ಟಲಿಂಗಮ್ಮ: ಅಪ್ಪನ್ನಾ... ಅದು... ನಮ್ದು ಆಗ ಒಂದೇ ಕೋಣೆ ಮನೆ ಕಣ್ ಮಗ. ಮನೆ ತುಂಬ ಜನ. ಯಾರ್ ಯಾರ್ ದಾಟುದ್ರೋ ಏನೋ.

ಸಿದ್ದೇಶ್: ವಾಪಸ್ ಯಾರೂ ದಾಟ್ಲಿಲ್ವಾ? ಹಾಗಾದ್ರೆ ನಾನೂ ಅಪ್ಪನ ಥರ ಆಗ್ಬಿಡ್ತೀನಾ?

ಹುಡುಗ ಯಾರನ್ನೂ ಅಣಕಿಸಲು ಕೇಳಿರಲಿಲ್ಲ. ನಿಜಕ್ಕೂ ಹೆದರಿ ಕೇಳಿದ್ದ. ಸ್ಟೂಲಿನ ತಮಾಷೆ, ಮದುವೆ ಫೋಟೋದ ತಮಾಷೆ, ಅಂಗಡಿಯವರು ಇಟ್ಟ ಅಡ್ಡಹೆಸರು, ಎಲ್ಲಕ್ಕೂ ವಸಂತ ಎಲ್ಲರಿಗಿಂತ ಮೊದಲು ತಾನೇ ನಕ್ಕು ಪಾರಾಗಿದ್ದ. ಇದಕ್ಕೆ ನಗು ಬರಲಿಲ್ಲ. ತನ್ನ ಥರ ಆಗುವುದು ಮಗನಿಗೆ ಒಂದು ಭಯ ಎಂಬುದು ಅವನ ಎದೆಗೇ ನಾಟಿತು. ಧರಣಿಗೂ ಅದು ಗೊತ್ತಾಯಿತು. ಬಾಯಿಗೆ ಬಂದಿದ್ದ ಇನ್ನೊಂದು ತಮಾಷೆಯನ್ನು ನುಂಗಿಕೊಂಡು ಗಂಡನ ತೋಳು ಹಿಡಿದಳು.

ಮೂಗಯ್ಯ: ಎಲ್ರೂ ಸುಮ್ಕಾದ್ರಿ. ಈಗ್ಲಾದ್ರೂ ನಾನ್ ಮಾತಾಡ್ಬೋದಾ?

ವಸಂತ್: ಹೇಳಿ.

ಮೂಗಯ್ಯ: ಆಗ್ಲಿಂದ ಹೇಳಕ್ ಬತ್ತಾನೇ ಇವ್ನಿ, ಈ ಅವ್ವ ಬುಡ್ತಾನೇ ಇಲ್ಲ. ಈ ಗೆರೆ ಮುಟ್ಟದೆ ಇರೋ ಮಕ್ಳಿಗೆ ಅಂತ್ಲೇ ಪಕ್ಕದಲ್ಲಿ ಇನ್ನೊಂದು ಡ್ರ್ಯಾಗನ್ ಅದೆ. ಗುಹೆ ಒಳಗೆ ಹೋಯ್ತದೆ. ಒಳಗೆ ಕತ್ಲು, ನೀರು, ಬೆಂಕಿ ಉಗುಳೋ ತಲೆ, ಎಲ್ಲ ಅವೆ.

ಸಿದ್ದೇಶ್: ಅದು ಪಾಪುಗಳದ್ದು. ನಂಗೆ ಬೇಡ.

ಅಷ್ಟರಲ್ಲಿ ಆ ಗುಹೆಯ ಬಾಗಿಲಿನಿಂದಲೇ ಒಂದು ಅಳು ಕೇಳಿಸಿತು. ಸಿದ್ದೇಶನಷ್ಟೇ ದೊಡ್ಡ ಹುಡುಗನೊಬ್ಬ ಅಪ್ಪನ ಪ್ಯಾಂಟು ಹಿಡಿದು ಅಳುತ್ತಿದ್ದ. ಅವನ ಅಪ್ಪ ಒಳ್ಳೆ ಆಳು, ದೀಪದ ಕಂಬಕ್ಕೆ ಭುಜ ಕೊಡುವಂಥವನು. ಗುಹೆಯ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ್ದ ಹಳದಿ ಪಟ್ಟಿ ಅವನ ಹೆಗಲಿನ ಹತ್ತಿರಕ್ಕೆ ಬಂದಿತ್ತು. ಆ ಬಾಗಿಲನ್ನೂ ಮೂಗಯ್ಯನೇ ನೋಡಿಕೊಳ್ಳುತ್ತಿದ್ದ.

ಎತ್ತರದ ಅಪ್ಪ: ಬಗ್ಗಿ ಕೂತ್ಕೋತೀನಿ ಕಣ್ರೀ.

ಮೂಗಯ್ಯ: ಆಗಲ್ಲ ಸಾರ್. ಒಳಗೆ ಗುಹೆ ತಗ್ಗು, ತಲೆ ಹೊಡ್ಕತದೆ. ಚಿಕ್ ಮಕ್ಳ ಜೊತೆ ದೊಡ್ಡೋರು ಒಬ್ರು ಕೂರ್ಲೇಬೇಕು. ಆದ್ರೆ ಈ ಹಳದಿ ಪಟ್ಟಿ ಕೆಳಗೆ ತಲೆ ತಾಗದಂಗೆ ನಿಲ್ಲೋರು ಮಾತ್ರ.

ಎತ್ತರದ ಅಪ್ಪ: ಅಂಥೋರು ಎಲ್ಲಿ ಸಿಗ್ತಾರ್ರೀ?

ಸಿದ್ದೇಶ ಆ ಪಟ್ಟಿಯನ್ನು ನೋಡಿದ. ಅಪ್ಪನನ್ನು ನೋಡಿದ. ಇನ್ನೊಮ್ಮೆ ಪಟ್ಟಿಯನ್ನು ನೋಡಿದ.

ಸಿದ್ದೇಶ್: ಅಪ್ಪ, ನೀನ್ ನಿಂತ್ಕೊ.

ವಸಂತ್: ಬೇಡ ಕಣೋ.

ಸಿದ್ದೇಶ್: ನಿಂತ್ಕೊ ಅಪ್ಪ, ಪ್ಲೀಸ್.

ವಸಂತ ನಿಂತ. ಹುಟ್ಟಿದಾಗಿನಿಂದ ಯಾವ ಗೆರೆಯ ಮುಂದೆ ನಿಂತರೂ ಹಿಮ್ಮಡಿ ತನ್ನಷ್ಟಕ್ಕೆ ಮೇಲೇಳುವುದು ಅವನಿಗೆ ಅಭ್ಯಾಸ. ಅದನ್ನು ಪ್ರಯತ್ನಪಟ್ಟು ನೆಲಕ್ಕೆ ಒತ್ತಿ ನಿಂತ. ಮೂಗಯ್ಯ ರಟ್ಟು ತಂದು ತಲೆಗೂ ಪಟ್ಟಿಗೂ ನಡುವೆ ತೂರಿಸಿದ. ಸರಾಗವಾಗಿ ಹೋಯಿತು.

ಮೂಗಯ್ಯ: ಪಾಸ್!

ಸಿದ್ದೇಶ್: ನಮ್ಮಪ್ಪ ಪಾಸ್! ಅಮ್ಮ, ಅಪ್ಪ ಪಾಸ್!

ಧರಣಿ: ತಾಳಿ, ನಾನೂ ನೋಡ್ತೀನಿ.

ಪಟ್ಟಿ ಅವಳ ಹಣೆಗೆ ತಟ್ ಎಂದು ತಗುಲಿತು.

ವಸಂತ್: ಫೇಲು. ಮುಂದಿನ ವರ್ಷ ಓದ್ಕೊಂಡು ಬನ್ನಿ ಟೀಚರ್.

ಪುಟ್ಟಲಿಂಗಮ್ಮ: ಎದ್ದು ಕಾಣೋಷ್ಟು ಬೆಳ್ದ್ರೆ ಏನ್ ಬಂತು? ನನ್ ಮಗನ್ನ ನೋಡು. ಎಲ್ಲಿಗ್ ಬೇಕಾದ್ರೂ ಹೋಗ್ತಾನೆ.

ಧರಣಿ: ಅತ್ತೆ, ಇಷ್ಟೊತ್ತು ಎಲ್ರನ್ನೂ ನಿಲ್ಲಿಸಿ ದಾಟ್ಸಿದ್ದು ಯಾರು?

ಪುಟ್ಟಲಿಂಗಮ್ಮ: ಅದು ಆಗ. ಈಗ ಇದು.

ಎತ್ತರದ ಅಪ್ಪ ವಸಂತನ ಹತ್ತಿರ ಬಂದು, ಸ್ವಲ್ಪ ಸಂಕೋಚದಿಂದ, ಬಗ್ಗಿ ಮಾತಾಡಿದ.

ಎತ್ತರದ ಅಪ್ಪ: ಸಾರ್, ತಪ್ಪು ತಿಳ್ಕೋಬೇಡಿ. ನಮ್ಮ ಹುಡುಗನ್ನೂ ಜೊತೆಗೆ ಕೂರಿಸ್ಕೋತೀರಾ? ನನ್ನ ಕೈಲಿ ಆಗ್ತಿಲ್ಲ.

ಸಿದ್ದೇಶ್: ಬರ್ಲಿ ಅಂಕಲ್. ನಮ್ಮಪ್ಪ ಇದಾರಲ್ಲ.

ವಸಂತ ಮೂವರು ಮಕ್ಕಳೊಂದಿಗೆ ಒಳಗೆ ಹೋದ. ಒಂದು ಪಕ್ಕ ಸಿದ್ದೇಶ, ಇನ್ನೊಂದು ಪಕ್ಕ ಆ ಹುಡುಗ, ತೊಡೆಯ ಮೇಲೆ ಅನು. ಗುಹೆಯ ಕತ್ತಲಲ್ಲಿ ಬೆಂಕಿ ಉಗುಳುವ ತಲೆ ಎದುರಾದಾಗ ಮೂರೂ ಮಕ್ಕಳು ಒಟ್ಟಿಗೆ ಕಿರುಚಿ ಅವನನ್ನೇ ತಬ್ಬಿಕೊಂಡವು. ಎಲ್ಲರಿಗಿಂತ ಜೋರಾಗಿ ಕಿರುಚಿದವನು ವಸಂತ ಎಂದು ಅನು ಆಮೇಲೆ ಸಾಕ್ಷಿ ಹೇಳಿದಳು. ಹೊರಗೆ ಬಂದಾಗ ಎತ್ತರದ ಅಪ್ಪ ಬೇಲಿಯ ಆಚೆಯಿಂದ ಕೈಬೀಸುತ್ತಿದ್ದ, ಧರಣಿ ಫೋಟೋ ತೆಗೆಯುತ್ತಿದ್ದಳು. ಸಿದ್ದೇಶ ಗಾಡಿಯಿಂದ ಇಳಿದವನೇ ಶೂ ಹಾಕಿಕೊಳ್ಳದೆ ಹುಲ್ಲಿನ ಕಡೆ ಓಡಿ, ಅಂಗಾತ ಬಿದ್ದು ಕಣ್ಣು ಮುಚ್ಚಿಕೊಂಡ.

ಪುಟ್ಟಲಿಂಗಮ್ಮ: ಏನ್ಲಾ ಇದು? ಏಳು ಮೇಲೆ. ಎಲ್ರೂ ವಾಪಸ್ ದಾಟಾಯ್ತಲ್ಲ, ಬೆಳೀತೀಯ ಬುಡು.

ಸಿದ್ದೇಶ್: ಅದಕ್ಕೇ ಅಜ್ಜಿ. ಇನ್ನೊಂದ್ ಸಲ ಈ ಕಡೆಯಿಂದ ದಾಟ್ಬಿಡಿ. ನಂಗೆ ಜಾಸ್ತಿ ಬೆಳೆಯೋದು ಬೇಡ. ಅಪ್ಪನಷ್ಟೇ ಆದ್ರೆ ಸಾಕು.

ವಸಂತ ಅತ್ತ ತಿರುಗಿ ಅನುವಿನ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದ. ಪಟ್ಟಿ ಸರಿಯಾಗಿಯೇ ಇತ್ತು; ಅವನ ಕಣ್ಣು ತುಂಬಿಬಂದಿತ್ತು. ಪುಟ್ಟಲಿಂಗಮ್ಮ ಮಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ನೆರಿಗೆ ಎತ್ತಿ ಹಿಡಿದಿದ್ದ ಕೈ ಕೆಳಗಿಳಿಯಿತು.

ಪುಟ್ಟಲಿಂಗಮ್ಮ: ಅಪ್ಪನಷ್ಟಾ? ಅಪ್ಪನಷ್ಟು ಆಗ್ಬೇಕು ಅಂದ್ರೆ ನೀನಿನ್ನೂ ಬೇಕಾದಷ್ಟು ಬೆಳೀಬೇಕು ಕಣ್ ಮಗ. ಏಳು.